ತಲೆ ಬದಲಾದರೂ ಕುದುರೆ ಅದೇ

ತಾಮ್ರದ ತಗಡಿನ ಮೇಲೆ ಉಳಿಯಿಂದ ಗೆರೆ ಕೊರೆದು, ಕಾಗದಕ್ಕೆ ಅಚ್ಚೊತ್ತಿದ ಯುರೋಪಿನ ಹಳೆಯ ಅರಸರ ಚಿತ್ರಗಳನ್ನು ಕಂಡಾಗ ನಮ್ಮ ಕಣ್ಣು ಮೊದಲು ಮುಖಕ್ಕೇ ಹೋಗುತ್ತದೆ. ಆದರೆ ಆ ಚಿತ್ರ ಯಾರಿಗಾಗಿ ಹುಟ್ಟಿತು ಎಂಬುದನ್ನು ಹೇಳುವುದು ಮುಖವಲ್ಲ, ಅದರ ಕೆಳಗಿನ ಅಂಚು. ಲಾಂಛನ, ಬಿರುದುಗಳು, ಲ್ಯಾಟಿನ್ ಪದ್ಯ, ಅರ್ಪಣೆಯ ಸಾಲು ಎಲ್ಲವೂ ಇರುವುದು ಅಲ್ಲಿಯೇ.

ಫ್ರಾನ್ಸಿನ ರಾಬರ್ಟ್ ನಾಂಟಯ್ 14ನೇ ಲೂಯಿಯನ್ನು ಎದುರು ಕೂರಿಸಿಕೊಂಡು ಚಿತ್ರಿಸಿ, ಆ ಚಿತ್ರಗಳನ್ನು ತಾಮ್ರಕ್ಕಿಳಿಸಿದ ಕಲಾವಿದ. ಕೆತ್ತನೆಯು ಕಸುಬುದಾರರ ಸಂಘದ ಕಟ್ಟಳೆಗೆ ಒಳಪಡದ ಸ್ವತಂತ್ರ ಕಲೆ ಎಂದು 1660ರಲ್ಲಿ ಅದೇ ಅರಸ ಶಾಸನ ಹೊರಡಿಸಿದ. ಆ ಕಾಲದ ಕುಲೀನ ಮನೆತನಗಳ ಹುಡುಗರು ವಿದ್ವತ್ಸಭೆಯಲ್ಲಿ ತಮ್ಮ ವಾದವನ್ನು ಸಮರ್ಥಿಸುವಾಗ, ಅರಸನ ದೊಡ್ಡ ಭಾವಚಿತ್ರವಿದ್ದ ಹಾಳೆಯನ್ನು ಅಚ್ಚು ಹಾಕಿಸಿ, ವಾದವನ್ನು ಅವನಿಗೇ ಅರ್ಪಿಸುತ್ತಿದ್ದುದುಂಟು. ಹಾಳೆಯ ಬಹುಪಾಲು ಅರಸನದಾದರೂ ಅದು ಸಾರುತ್ತಿದ್ದುದು ಮಾತ್ರ, ಅರಸನ ಹೆಸರಿನ ಪಕ್ಕದಲ್ಲಿ ತನ್ನ ಹೆಸರನ್ನೂ ಇಡಬಲ್ಲ ಮನೆತನದ ಅಂತಸ್ತನ್ನು. ಇವನ್ನು ಪ್ರಜೆಗಳಿಗಾಗಿ ಮಾಡಿದ ಪ್ರಚಾರವೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಲ್ಯಾಟಿನ್ ಬಾರದವನಿಗೆ ಆ ಅಂಚು ಮೂಕವಾಗಿತ್ತು.

ನೂರು ವರ್ಷ ಕಳೆದರೂ ಈ ಅಂತಸ್ತಿನ ಲೆಕ್ಕ ಸವೆಯಲಿಲ್ಲ. 1769ರಲ್ಲಿ ಇಂಗ್ಲೆಂಡಿನ ಪಾದ್ರಿ ಜೇಮ್ಸ್ ಗ್ರೇಂಜರ್ ತನ್ನ ದೇಶದ ಕೆತ್ತನೆ ಭಾವಚಿತ್ರಗಳ ಪಟ್ಟಿಯೊಂದನ್ನು, ಸ್ವತಃ ಇಂಥ ಚಿತ್ರಗಳ ಸಂಗ್ರಾಹಕನಾಗಿದ್ದ ಹೊರೇಸ್ ವಾಲ್ಪೋಲ್‌ಗೆ ಅರ್ಪಿಸಿ ಪ್ರಕಟಿಸಿದ. ಅದರಲ್ಲಿ 12 ವರ್ಗಗಳು. ಮೊದಲನೆಯದು ರಾಜರಾಣಿಯರದು, ಕಡೆಯದರಲ್ಲಿ ಅತಿ ದೀರ್ಘಾಯುಷಿಗಳು, ಅಪರಾಧಿಗಳು ಮುಂತಾದವರು. (ನನಗೇನೋ ಆ ಕಡೆಯ ವರ್ಗವೇ ಹೆಚ್ಚು ಸ್ವಾರಸ್ಯ.) ಆ ಬಳಿಕ ಸಿರಿವಂತರು ಹಳೆಯ ಪುಸ್ತಕಗಳಿಂದ ಭಾವಚಿತ್ರಗಳನ್ನು ಕತ್ತರಿಸಿ ತಮ್ಮ ಸಂಪುಟಗಳಿಗೆ ಸೇರಿಸತೊಡಗಿದರು, ಚಿತ್ರಗಳ ಬೆಲೆಯೂ ಏರಿತು.

ಲಂಡನ್ನಿನಲ್ಲಿ ಕೆಲಸ ಮಾಡಿದ ಫ್ರೆಂಚ್ ಕೆತ್ತನೆಗಾರ ಪಿಯರ್ ಲೊಂಬಾರ್‌ನ ತಗಡೊಂದು ಇದೆಲ್ಲವನ್ನೂ ಬಯಲಿಗೆಳೆಯುತ್ತದೆ. ಇಂಗ್ಲೆಂಡಿನ ಮೊದಲನೆಯ ಚಾರ್ಲ್ಸ್ ಅರಸನನ್ನು ಕುದುರೆಯ ಮೇಲೆ ಕೂರಿಸಿ ವ್ಯಾನ್ ಡೈಕ್ ಬರೆದಿದ್ದ ವರ್ಣಚಿತ್ರದ ಭಂಗಿಯನ್ನೇ ಎತ್ತಿಕೊಂಡು, ಆ ಅರಸನ ಶಿರಚ್ಛೇದಕ್ಕೆ ಕಾರಣರಾದವರ ಮುಂದಾಳು ಕ್ರಾಮ್ವೆಲ್‌ನ ತಲೆಯನ್ನು ಅವನು ಅಲ್ಲಿ ಕೆತ್ತಿದ್ದ. ಮುಂದೆ ಅದೇ ತಗಡಿನಲ್ಲಿ ಆ ತಲೆಯನ್ನು ಹೆರೆದು ಚಾರ್ಲ್ಸ್‌ನದನ್ನು ಕೂರಿಸಲಾಯಿತು. ತಲೆಯೇ ಇಲ್ಲದೆ ತೆಗೆದ ಅಚ್ಚುಗಳೂ ಉಳಿದಿವೆ: ಕವಚ ತೊಟ್ಟ ಮೈ ಕುದುರೆಯ ಮೇಲೆ ಸೆಟೆದು ಕುಳಿತಿದೆ, ಕತ್ತಿನ ಮೇಲೆ ಬರಿಯ ಕಾಗದ.