ಕೃಪೆಯು ಪಾಪಕ್ಕೆ ಪರವಾನಗಿಯಲ್ಲ: ಒಂದು ಸ್ಪಷ್ಟನೆ

ಕ್ರೈಸ್ತ ವಿಶ್ವಾಸಿಗಳು ಧರ್ಮಶಾಸ್ತ್ರಕ್ಕಲ್ಲ (ಮೋಶೆಯ ಮೂಲಕ ಬಂದ ನಿಯಮಗಳಿಗಲ್ಲ), ಕೃಪೆಗೆ (ದೇವರು ಉಚಿತವಾಗಿ ತೋರುವ ದಯೆಗೆ) ಅಧೀನರಾಗಿರುವುದರಿಂದ ಹೇಗೆ ಬದುಕಿದರೂ ದೋಷವಿಲ್ಲ ಎಂಬ ಮಾತು ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರಿಕೆಯ (ಪತ್ರದ) 6ನೇ ಅಧ್ಯಾಯದ 14ನೇ ವಚನದ ಹೆಸರಿನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಮುಂದಿನ ವಚನದಲ್ಲಿಯೇ ಆ ಪತ್ರವನ್ನು ಬರೆದ ಅಪೊಸ್ತಲ (ಯೇಸುವಿನ ಸಂದೇಶ ಸಾರಲು ನೇಮಕವಾದ) ಪೌಲನು ಈ ತೀರ್ಮಾನವನ್ನು ಪ್ರಶ್ನೆಯಾಗಿ ಎತ್ತಿ, ಎಂದಿಗೂ ಕೂಡದೆಂದು ತಳ್ಳಿಹಾಕುತ್ತಾನೆ. ಮನುಷ್ಯನು ಯಾವುದಕ್ಕೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೋ ಅದಕ್ಕೇ ದಾಸನಾಗುವುದರಿಂದ, ಪಾಪ ಮಾಡುವ ಸ್ವಾತಂತ್ರ್ಯವೆಂಬುದು ಪೌಲನ ದೃಷ್ಟಿಯಲ್ಲಿ ಹಳೆಯ ದಾಸತ್ವವೇ. ಕೃಪೆಯನ್ನು ದುಡಿದು ಗಳಿಸಲಾಗದು ಎಂಬುದು ನಿಜ, ಆ ಸತ್ಯವನ್ನು ಎಳ್ಳಷ್ಟೂ ಸಡಿಲಿಸಲು ನನಗೆ ಮನಸ್ಸಿಲ್ಲ. ಆದರೆ ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯವು ರಕ್ಷಣೆಯು ಕ್ರಿಯೆಗಳಿಂದಲ್ಲ ಎಂದ ಬೆನ್ನಿಗೇ, ವಿಶ್ವಾಸಿಗಳು ಸತ್ಕ್ರಿಯೆಗಳಿಗಾಗಿ ಸೃಷ್ಟಿಯಾದವರೆನ್ನುತ್ತದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಂತೂ (5:13) ಕೃಪೆಯಿಂದ ಸಿಕ್ಕ ಬಿಡುಗಡೆಯನ್ನು ಶರೀರದ ಆಸೆಗಳಿಗೆ ನೆಪ ಮಾಡಿಕೊಳ್ಳದೆ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಬೇಕೆಂದು ಹೇಳುತ್ತದೆ.