ಸುಡಲು ಅನುಮತಿ ಕೋರಿ

ಶಿವರಾತ್ರಿ ಮುಂದಿನ ವಾರ ನಮ್ಮೂರ ಪುರಸಭೆಯ ಸಾಮಾನ್ಯ ಸಭೆ ನಡೆಯಿತು. ಎಂಟು ದಿನಕ್ಕೊಮ್ಮೆ ಬರುವ ಕುಡಿಯುವ ನೀರಿನ ವಿಷಯ ‘ಓದಲಾಯಿತು, ಮುಂದೂಡಲಾಯಿತು’ ಎಂದು ಐದು ನಿಮಿಷದಲ್ಲಿ ಮುಗಿಯಿತು. ಅದರ ಮುಂದಿನ ವಿಷಯಕ್ಕೆ ಎರಡು ತಾಸು ಹಿಡಿಯಿತು. ರಿಟೈರಾದ ಮಾಸ್ತರರೊಬ್ಬರು ತಮ್ಮ ಸೈಟಿನಲ್ಲಿ ಕಡಿಸಿದ ಮರಗಳ ರೆಂಬೆ, ಕೊಂಬೆ, ಬೊಡ್ಡೆ ಸುಡಲು ಅನುಮತಿ ಕೇಳಿದ್ದರು.

ಈ ಮನುಷ್ಯ ಕೇಳಿದ್ದಾದರೂ ಯಾಕೆ ಎಂಬುದೇ ಸಭೆಗೆ ಮೊದಲು ತಿಳಿಯಲಿಲ್ಲ. ಸದಸ್ಯರೊಬ್ಬರು ಎದ್ದು ನಿಂತು, “ಮಾಸ್ತರ, ಸುಮ್ನ ಒಂದು ಕಡ್ಡಿ ಗೀರಿದ್ರ ಮುಗೀತಿತ್ತಲ್ರೀ, ಕೇಳಾಕ ಯಾಕ ಬಂದ್ರಿ?” ಎಂದರು. ಮಾಸ್ತರರು ಚೀಲದಿಂದ 2016ರ ಘನತ್ಯಾಜ್ಯ ನಿಯಮಗಳ ಝೆರಾಕ್ಸ್ ತೆಗೆದರು. ತೋಟದ ಕಸವನ್ನು ಬೇರೆಯಾಗಿ ತಮ್ಮ ಜಾಗದಲ್ಲೇ ಇಟ್ಟುಕೊಳ್ಳಬೇಕು, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು ಅಂತ ಅದರಲ್ಲಿತ್ತು. “ಇಟ್ಕೊಂಡೀನ್ರಿ. ದಸರಾದಿಂದ ಇಟ್ಕೊಂಡೀನಿ. ಏನ್ ಮಾಡ್ಲಿ ಅಂತ ನೀವು ಹೇಳ್ರಿ.”

ಯಾರೂ ಹೇಳಲಿಲ್ಲ. ಆ ನಿಯಮದಲ್ಲಿ ಸ್ಥಳೀಯ ಸಂಸ್ಥೆ ಅಂದರೆ ತಾವೇ ಅನ್ನೋದು ಕೆಲವರಿಗೆ ಅಂದೇ ಗೊತ್ತಾದಂತಿತ್ತು.

ಮರ ಕಡಿಯಲು ಮಾಸ್ತರರು ಅರಣ್ಯ ಇಲಾಖೆಯಿಂದ ಅನುಮತಿ ಪಡೆದಿದ್ದರು, ಅದರಲ್ಲಿ ತಕರಾರಿಲ್ಲ. ದಪ್ಪ ದಿಮ್ಮಿಗಳು ಕಡಿದ ರಾತ್ರಿಯೇ ಯಾರದೋ ಟ್ರ್ಯಾಕ್ಟರ್ ಹತ್ತಿ ಹೋದವು. ಅದಕ್ಕೆ ಯಾವ ಕಚೇರಿಯ ಅಭಿಪ್ರಾಯವೂ ಬೇಕಾಗಲಿಲ್ಲ. ಕಾಸಿಗೆ ಬಾರದ ಕೊಂಬೆಗಳಿಗೆ ಮಾತ್ರ ಐದು ಕಚೇರಿ ಸುತ್ತಬೇಕಾಯಿತು.

ಆರೋಗ್ಯ ನಿರೀಕ್ಷಕರು ಕಡತವನ್ನು ‘ಮರ ಎಂಬ ಪದ ಇರುವುದರಿಂದ’ ಅರಣ್ಯ ಇಲಾಖೆಗೆ ಕಳಿಸಿದರು. ಅಲ್ಲೊಬ್ಬರು ಕಾಯ್ದೆ ತಿಳಿದವರಿದ್ದರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದು ಅಂದರೆ ಬರೀ ಕೊಡಲಿ ಹಾಕುವುದಲ್ಲ, ಸುಡುವುದೂ ಅದರಲ್ಲಿ ಸೇರುತ್ತದೆ. ಜೀವಂತ ಮರದ ಬುಡಕ್ಕೆ ಬೆಂಕಿ ಇಟ್ಟು ಒಣಗಿಸುವವರನ್ನು ಹಿಡಿಯೋಕೆ ಮಾಡಿದ ಒಳ್ಳೇ ನಿಯಮ ಅದು. ಆದರೆ ಇವರು ಬರೆದ ಷರಾ ಹೀಗಿತ್ತು: ‘ಸದರಿ ಮರಗಳನ್ನು ಈಗಾಗಲೇ ಒಮ್ಮೆ ಕಡಿಯಲಾಗಿದೆ. ಸುಡುವುದೂ ಕಡಿತವೇ ಆಗಿರುವುದರಿಂದ ಎರಡನೇ ಬಾರಿ ಕಡಿಯಲು ಹೊಸ ಅರ್ಜಿ, ಮರ ನಿಂತಿರುವ ಫೋಟೋ ಸಹಿತ ಸಲ್ಲಿಸುವುದು.’

ಹೊಗೆಯ ಲೆಕ್ಕ ನೋಡುವ ಕಚೇರಿಯ ಫಾರಂನಲ್ಲಿ ಚಿಮಣಿಯ ಎತ್ತರ ಎಷ್ಟು ಅಂತ ಕೇಳಿದ್ದರು. ಮಾಸ್ತರರು ‘ಇಲ್ಲ’ ಎಂದು ಬರೆದರು. ಅಪೂರ್ಣ ಅಂತ ವಾಪಸ್ ಬಂತು. ಬೆಂಕಿ ಆರಿಸುವವರು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದರು: ‘ಬೆಂಕಿ ಹತ್ತಿದ ನಂತರ ತಿಳಿಸುವುದು.’

ಇಷ್ಟರಲ್ಲಿ ಇನ್ನೊಂದು ನೋಟಿಸ್ ಬಂತು. ಕಡಿದ ಮರದ ಬದಲಿಗೆ ಸಸಿ ನೆಡಬೇಕೆಂಬ ಷರತ್ತನ್ನು ಮಾಸ್ತರರು ಪಾಲಿಸಿಲ್ಲವಂತೆ. ಸಸಿ ನೆಡಬೇಕಾದ ಜಾಗದ ಮೇಲೇ ಕೊಂಬೆಗಳ ರಾಶಿ ಕೂತಿತ್ತು.

ಸಭೆಗೆ ಮರಳೋಣ. ಕಾನೂನು ಸಲಹೆಗಾರರು ಎದ್ದು, ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ನಿಷೇಧಿಸಿದೆ, ಅಲ್ಪಸ್ವಲ್ಪ ಸುಟ್ಟರೆ 5,000, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಎಂದು ವಿವರಿಸಿದರು. ಸರಿಯಾದ ಮಾತು. ಹಸಿ ಕಟ್ಟಿಗೆಯ ಹೊಗೆ ಎದೆಗೆ ಒಳ್ಳೆಯದಲ್ಲ. ಅವರು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಕಿಟಕಿಯಿಂದ ಹೊಗೆ ನುಗ್ಗಿತು. ಕಚೇರಿಯ ಹಿತ್ತಲಲ್ಲಿ ಎಲೆ, ಹಳೆ ರಟ್ಟು, ಚಹಾದ ಪೇಪರ್ ಕಪ್ಪು ಎಲ್ಲಾ ಸೇರಿ ಉರಿಯುತ್ತಿತ್ತು. ಗುಡಿಸಿದ್ದನ್ನು ಒಯ್ಯೋಕೆ ಗಾಡಿ ಕೊಡದಿದ್ದರೆ ಪೌರಕಾರ್ಮಿಕರು ತಾನೆ ಏನು ಮಾಡಿಯಾರು? ಅಟೆಂಡರ್ ಹೋಗಿ ಕಿಟಕಿ ಮುಚ್ಚಿದ. ಚರ್ಚೆ ಮುಂದುವರಿಯಿತು.

ಊರ ಹೊರಗಿನ ಕಸದ ಗುಡ್ಡೆಯೂ ಬೇಸಿಗೆ ಪೂರ್ತಿ ಉರಿಯುತ್ತದೆ. ಕಡತದ ಪ್ರಕಾರ ಅದು ‘ತಾನಾಗಿ’ ಉರಿಯುವುದು. ತಾನಾಗಿ ಉರಿಯುವುದಕ್ಕೆ ಅರ್ಜಿದಾರರಿಲ್ಲ. ಹಾಗಾಗಿ ದಂಡವೂ ಇಲ್ಲ.

ಮೂಲೆಯಲ್ಲಿದ್ದ ಎಂಜಿನಿಯರ್ ಒಬ್ಬರು ಮೆಲ್ಲಗೆ, ನಮ್ಮಲ್ಲೇ ಕೊಂಬೆ ಪುಡಿ ಮಾಡುವ ಯಂತ್ರ ಇದೆ, ಪುಡಿ ಗೊಬ್ಬರಕ್ಕೆ ಆಗುತ್ತೆ, ಸುಡೋದೇ ಬೇಡ ಅಂದರು. ಸಭೆಯಲ್ಲಿ ಕೇಳಿದ ಒಂದೇ ಉಪಯೋಗದ ಮಾತು ಅದು. ಯಂತ್ರ ಶೆಡ್ಡಿನಲ್ಲಿದೆ, ಆಯುಧಪೂಜೆಯ ಕುಂಕುಮ ಇನ್ನೂ ಮಾಸಿಲ್ಲ. ಆದರೆ ಶೆಡ್ಡಿಗೆ ತ್ರೀ ಫೇಸ್ ಕರೆಂಟ್ ಇಲ್ಲ. ಕರೆಂಟಿನ ಕಡತ ಬೇರೆ ಟೇಬಲ್ ಮೇಲಿದೆ. ಕೊನೆಗೆ ಸ್ಥಳ ಪರಿಶೀಲನೆಗೆ ಉಪಸಮಿತಿ ಮಾಡಿ, ಮಂಡಕ್ಕಿ-ಮಿರ್ಚಿ ತಿಂದು ಎದ್ದರು. ಉಪಸಮಿತಿ ಬಂದು ರಾಶಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿತು.

ಹೋಳಿ ಹುಣ್ಣಿಮೆ ಬಂತು. ಓಣಿಯ ಹುಡುಗರು ಕಾಮದಹನಕ್ಕೆ ಕಟ್ಟಿಗೆ ಕದಿಯುವುದು ನಮ್ಮ ಕಡೆ ಹಳೇ ಪದ್ಧತಿ. ಐದು ತಿಂಗಳಿಂದ ಒಣಗಿದ ರಾಶಿ, ಕಾಂಪೌಂಡಿಲ್ಲದ ಸೈಟು. ಹುಡುಗರು ರಾತ್ರೋರಾತ್ರಿ ಎಲ್ಲವನ್ನೂ ಹೊತ್ತೊಯ್ದು ಸರ್ಕಲ್‌ನಲ್ಲಿ ಕಾಮಣ್ಣನ ಸುತ್ತ ಒಟ್ಟಿದರು. ಬೆಂಕಿ ಇಟ್ಟವರು ಉಪಸಮಿತಿಯ ಅಧ್ಯಕ್ಷರೇ. ಪ್ರತಿ ವರ್ಷ ಅವರೇ ಇಡುವುದು. ಹಲಗೆ ಸದ್ದಿನಲ್ಲಿ ಚಿಮಣಿಯ ಎತ್ತರ ಯಾರೂ ಕೇಳಲಿಲ್ಲ.

ವಾರ ಕಳೆದು ಮಾಸ್ತರರಿಗೆ ಪುರಸಭೆಯಿಂದ ಕರೆ ಬಂತು. ಟೇಬಲ್ ಮೇಲೆ ಎರಡು ಲಕೋಟೆ. ಒಂದರಲ್ಲಿ, ಸದರಿ ಸೈಟಿನ ರಾಶಿ ಅನುಮತಿ ಇಲ್ಲದೆ ಸುಟ್ಟಿರುವುದು ಕಂಡುಬಂದಿದ್ದು 25,000 ರೂಪಾಯಿ ದಂಡ ಏಕೆ ಹಾಕಬಾರದು ಎಂಬ ನೋಟಿಸ್. ಇನ್ನೊಂದರಲ್ಲಿ ಸುಡಲು ಅನುಮತಿ. ರಾಶಿ ಯಥಾಸ್ಥಿತಿಯಲ್ಲಿರಬೇಕು, ಉಪಸಮಿತಿಯ ಸಮ್ಮುಖದಲ್ಲೇ ಸುಡಬೇಕು ಅಂತ ಷರತ್ತು.

ಮಾಸ್ತರರು ಎರಡನ್ನೂ ಕನ್ನಡಕ ಏರಿಸಿ ಓದಿ, ಯಾವುದನ್ನು ನಂಬಲಿ ಎಂದು ಕೇಳಿದರು. ಕ್ಲರ್ಕ್ ಸ್ವೀಕೃತಿ ರಿಜಿಸ್ಟರ್ ಮುಂದೆ ತಳ್ಳಿದ. “ಅದೆಲ್ಲ ಸಾಹೇಬ್ರನ್ನ ಕೇಳ್ರಿ. ಇಲ್ಲಿ ಎರಡು ಕಡೆ ಸಹಿ ಮಾಡ್ರಿ.”