ಬೈತಲೆಯ ಬಣ್ಣ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಸ್ತನ ಕ್ಯಾನ್ಸರಿಗೆಂದು ಕೊಡುವ ನನ್ನ ಮೊದಲ ಕೀಮೋಗೆ ಇನ್ನೂ ಎಂಟು ದಿನ ಇತ್ತು. ವಾಂತಿ, ಜ್ವರ, ಬಾಯಿಹುಣ್ಣು ಎಲ್ಲವನ್ನೂ ಹೇಳಿ ಮುಗಿಸಿದ ನರ್ಸ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಇನ್ನು ನಿಮ್ಮ ಕೂದಲಿನ ವಿಷಯ" ಎಂದರು. ಆಗ ನನ್ನ ಹೆರಳು ಸೊಂಟದ ತನಕ ಇಳಿಯುತ್ತಿತ್ತು. ಎರಡು-ಮೂರು ವಾರದಲ್ಲಿ ಉದುರಲು ಶುರುವಾಗುತ್ತದೆ, ಹುಬ್ಬು, ರೆಪ್ಪೆಯೂ ಹೋಗಬಹುದು, ವಿಗ್ ಬೇಕೆಂದರೆ ತಲೆಯಲ್ಲಿ ಕೂದಲಿರುವಾಗಲೇ ಹೋಗಿ ಬನ್ನಿ, ಬಣ್ಣ ಹೊಂದಿಸಲು ಸುಲಭ ಎಂದು ಹೇಳಿ ಒಂದು ಚೀಟಿ ಬರೆದುಕೊಟ್ಟರು. ಹತ್ತೇ ನಿಮಿಷದ ಮಾತು. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕೂತು ಅತ್ತೆ, ನಿಜ. ಆದರೆ ಕೂದಲು ಕೈಗೆ ಬಂದ ದಿನ ನಾನು ಹೆದರಲಿಲ್ಲ.

ಒಂದೂವರೆ ವರ್ಷದ ಮೇಲೆ ರಾಣೆಬೆನ್ನೂರಿನಲ್ಲಿ ನನ್ನ ಅಣ್ಣನ ಹೆಂಡತಿಗೆ, ನಾವು ವೈನಿ ಅನ್ನುತ್ತೇವೆ, ಅದೇ ಸ್ತನ ಕ್ಯಾನ್ಸರ್ ಬಂತು. ಊರ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ. ನನಗೆ ಕೊಟ್ಟ ಔಷಧಿಯೇ ಅವಳಿಗೂ: ಡಾಕ್ಸೊರುಬಿಸಿನ್ ಅನ್ನುವ ಆ ಕೆಂಪು ನೀರು, ಜೊತೆಗೆ ಸೈಕ್ಲೊಫಾಸ್ಫಮೈಡ್. ಡಾಕ್ಟರು ಒಳ್ಳೆಯವರು, ಲೆಕ್ಕ ತಪ್ಪದ ಚಿಕಿತ್ಸೆ. ಮೊದಲ ಕೀಮೋ ಆಗಿ ಹದಿನೇಳನೇ ದಿನ ರಾತ್ರಿ ಅವಳ ಫೋನ್ ಬಂತು. ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡಿದ್ದಾಳೆ, ಮುಷ್ಟಿ ತುಂಬ ಕೂದಲು ಬಂದಿದೆ.

"ಬ್ಯಾನಿ ತೆಲಿಗೇರ್ಯದ ಅಂತ ತಿಳಕೊಂಡ್ನೆವಾ. ನಿಮ್ಮಣ್ಣಗೂ ಹೇಳಿಲ್ಲ" ಅಂದಳು.

ಆ ಮಾತು ನನ್ನಿಂದ ಇವತ್ತಿಗೂ ದೂರ ಹೋಗಿಲ್ಲ. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನು ಈ ಔಷಧಿ ಹುಡುಕಿ ಹೊಡೆಯುತ್ತದೆ. ಕ್ಯಾನ್ಸರ್ ಕೋಶ ಅಂಥದ್ದು, ಕೂದಲ ಬುಡದ ಕೋಶವೂ ಅಂಥದ್ದೇ. ಆದ್ದರಿಂದ ಕೂದಲು ಉದುರುತ್ತದೆ, ಔಷಧಿ ನಿಂತ ಮೇಲೆ ಮತ್ತೆ ಬರುತ್ತದೆ. ಇಷ್ಟನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ. ಜೀವದ ಪ್ರಶ್ನೆ ಇರುವಾಗ ಕೂದಲಿನ ಮಾತೇನು ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ನಾನು ಬರೆಯಲು ಕೂತದ್ದು ಆ ಭಾವನೆಯ ವಿರುದ್ಧ.

ಇಲ್ಲಿಯದೆಲ್ಲ ಸ್ವರ್ಗ ಅಂತಲ್ಲ. ಇಂಗ್ಲೆಂಡಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ 2009ರಿಂದ ಔಷಧಿ ಚೀಟಿಯ ಶುಲ್ಕ ಇಲ್ಲ, ಆದರೆ ವಿಗ್ಗಿಗೆ ಆ ವಿನಾಯಿತಿ ನಡೆಯುವುದಿಲ್ಲ. ಸರ್ಕಾರಿ ಚೀಟಿ ಇದ್ದರೂ ಕೃತಕ ನೂಲಿನ ಸಾದಾ ವಿಗ್ಗಿಗೆ ಸುಮಾರು 80 ಪೌಂಡ್ ಕಟ್ಟಬೇಕು, ಪೂರ್ತಿ ಮನುಷ್ಯರ ಕೂದಲಿನದಾದರೆ 300ಕ್ಕೂ ಹೆಚ್ಚು. ವರಮಾನ ತೀರ ಕಡಿಮೆ ಇರುವವರಿಗೆ ಉಚಿತ. ಸ್ವಂತ ದುಡ್ಡಲ್ಲಿ ಅಂಗಡಿಯಿಂದ ತಂದುಕೊಂಡರೆ ಒಂದು ಫಾರಂ ತುಂಬಿ ಮಾರಾಟ ತೆರಿಗೆ ಉಳಿಸಿಕೊಳ್ಳಬಹುದು. ಮಕ್ಕಳಿಗೆ ಮತ್ತು ಹರೆಯದವರಿಗೆ ಲಿಟಲ್ ಪ್ರಿನ್ಸೆಸ್ ಟ್ರಸ್ಟ್ ಅನ್ನುವ ಸಂಸ್ಥೆ ನಿಜವಾದ ಕೂದಲಿನ ವಿಗ್ಗನ್ನೇ ಪುಕ್ಕಟೆ ಕೊಡುತ್ತದೆ. ತಲೆಯನ್ನು ತಣ್ಣಗಿಟ್ಟು ಕೂದಲು ಉಳಿಸಲು ನೋಡುವ ಟೋಪಿ ಕೂಡ ಇದೆ. ಅದನ್ನು ತಯಾರಿಸುವ ಪ್ಯಾಕ್ಸ್‌ಮನ್ ಕಂಪನಿ ನಮ್ಮ ಮನೆಯಿಂದ ದೂರವಲ್ಲದ ಹಡರ್ಸ್‌ಫೀಲ್ಡ್‌ನದು. ಔಷಧಿ ಹನಿಸುವ ಅರ್ಧ ಗಂಟೆ ಮೊದಲಿನಿಂದ, ಮುಗಿದ ಮೇಲೂ ಗಂಟೆ-ಒಂದೂವರೆ ಗಂಟೆ ಅದನ್ನು ಹಾಕಿಕೊಂಡು ಕೂರಬೇಕು. ಕೆಲವರಿಗೆ ಚೆನ್ನಾಗಿ ಉಳಿಯುತ್ತದೆ, ಕೆಲವರಿಗೆ ಇಲ್ಲ. ಚಳಿಗೆ ಮೊದಲೇ ಅಂಜುವ ನಾನು ಬೇಡ ಅಂದೆ.

ವಿಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪರದೆ ಎಳೆದು, ಕನ್ನಡಿ ಮುಂದೆ ಕೂರಿಸಿ, ಅಲ್ಲಿಯ ಹೆಂಗಸು ಟೇಪು ಹಿಡಿದು ತಲೆ ಅಳೆದಳು. ಹಣೆಯ ಅಂಚಿನಿಂದ ಕಿವಿಯ ಮೇಲೆ ಹಾಯ್ದು ಹೆಕ್ಕತ್ತಿನ ಸುತ್ತ. ಒಂದೊಂದಾಗಿ ಡಬ್ಬಿ ತೆಗೆದಳು. ಕಂದು, ತಿಳಿಗಂದು, ಬೂದಿ ಬಣ್ಣ, ಹೊಂಬಣ್ಣ. ಕಪ್ಪು ಅಂತ ಇದ್ದದ್ದು ನೀಲಿ ಹೊಡೆಯುವ, ಪ್ಲಾಸ್ಟಿಕ್ಕಿನಂತೆ ಮಿರಮಿರ ಮಿಂಚುವ ಕಪ್ಪು. ಉದ್ದ ಭುಜದಿಂದ ಕೆಳಕ್ಕಿಲ್ಲ. ಕಡೆಗೆ ಗಾಢ ಕಂದಿನದೊಂದನ್ನು ಒಪ್ಪಿಕೊಂಡೆ. ಹಣೆ ಮೇಲಿನದನ್ನು ಅವಳು ಕತ್ತರಿಸಿ ಸರಿಮಾಡಿದಳು. ಮನೆಗೆ ಬಂದು ಕುಂಕುಮ ಇಟ್ಟುಕೊಂಡು ಕನ್ನಡಿ ನೋಡಿದಾಗ ಏನೋ ತಪ್ಪಿದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಎರಡು ದಿನ ಬಿಟ್ಟು ಕಣ್ಣಿಗೆ ಬಿತ್ತು. ಬೈತಲೆ! ಕೂದಲು ಸೀಳಿದ ಜಾಗದಲ್ಲಿ ಕಾಣುವ ಬಟ್ಟೆ ಬಿಳಿಯರ ನೆತ್ತಿಯಂತೆ ನಸುಗುಲಾಬಿ. ಕೆಳಗೆ ನನ್ನ ಎಣ್ಣೆಗೆಂಪು ಹಣೆ. ಸಣ್ಣ ಬ್ರಶ್ಶಿನಲ್ಲಿ ಮುಖಕ್ಕೆ ಹಚ್ಚುವ ಪೌಡರನ್ನು ಆ ಗೆರೆಗೆ ಎಳೆಎಳೆಯಾಗಿ ತುಂಬಿದೆ. ಅಷ್ಟಾದ ಮೇಲೆ ಆ ವಿಗ್ ನನ್ನದಾಯಿತು.

ಇನ್ನೊಂದು ಪಾಠ ಅಡುಗೆಮನೆಯಲ್ಲಿ ಕಲಿತೆ. ಕೃತಕ ನೂಲಿನ ವಿಗ್ಗಿಗೆ ಬಿಸಿ ಆಗದು. ಇಲ್ಲಿಯವರಿಗೆ ಕೊಡುವ ಕಾಗದದಲ್ಲಿ ಓವನ್ ಬಾಗಿಲು ತೆರೆಯುವಾಗ ಹುಷಾರು ಅಂತ ಬರೆದಿರುತ್ತದೆ. ಸಾಸಿವೆ ಸಿಡಿಯುವ ಒಗ್ಗರಣೆ, ಕುಕ್ಕರಿನ ಹಬೆ, ಕೆಂಡದ ಮೇಲೆ ಉಬ್ಬುವ ರೊಟ್ಟಿ ಇವು ಯಾವ ಕಾಗದದಲ್ಲೂ ಇಲ್ಲ. ನನ್ನ ವಿಗ್ಗಿನ ಮುಂದಿನ ಎಳೆಗಳು ಒಂದು ಬೆಳಿಗ್ಗೆ ಅನ್ನದ ಕುಕ್ಕರ್ ತೆರೆದ ಹೊತ್ತಿಗೆ ಸುಕ್ಕಾಗಿ ಸುರುಳಿಗಟ್ಟಿದವು. ಮತ್ತೆ ನೆಟ್ಟಗಾಗಲಿಲ್ಲ. ಊರಲ್ಲಿ ವಿಗ್ ಹಾಕುವ ಅಕ್ಕತಂಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ: ಒಲೆ ಮುಂದೆ ನಿಲ್ಲುವಾಗ ತೆಗೆದಿಟ್ಟು ಬಟ್ಟೆ ಕಟ್ಟಿಕೊಳ್ಳಿ.

ಈಗ ಊರಿನ ಮಾತು. ನಮ್ಮ ಪಾಲಿಗೆ ಕೂದಲು ಬರೀ ಕೂದಲಲ್ಲ. ಮುತ್ತೈದಿ ತಲೆ ಬೋಳಿಸಬಾರದು ಅನ್ನುವುದು ವೈನಿಗೆ ಮೊದಲು ಅಡ್ಡ ಬಂತು. ಗಂಡ ಸತ್ತವಳ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಕಾಲ ಹೋಗಿರಬಹುದು. ಆ ಪದ್ಧತಿ ನಮ್ಮ ಮನೆತನದಲ್ಲಿ ಇರಲೂ ಇಲ್ಲ. ಆದರೆ ಓಣಿಯ ನೆನಪಿನಲ್ಲಿ ಆ ತಲೆ ಇನ್ನೂ ಇದೆ. "ಅವ್ರು ಜೀವಂತ ಇರೂಮುಂದ ನಾ ಹ್ಯಾಂಗ ತೆಲಿ ಬೋಳಿಸಿಕೊಳ್ಳಲಿ?" ಅಂತ ವೈನಿ ಉದುರುವಷ್ಟು ದಿನವೂ ಜಡೆಗಟ್ಟಿದ ಕೂದಲನ್ನೇ ಹಿಡಿದಿದ್ದಳು. ದಿಂಬಿನ ತುಂಬ ಕೂದಲು, ನೆತ್ತಿ ತುಂಬ ತುರಿಕೆ.

ಬಿಡಿಸಿದ್ದು ನಮ್ಮವ್ವ. "ತಿಮ್ಮಪ್ಪಗ ಮುಡಿ ಕೊಟ್ಟೆ ಅಂತ ತಿಳಕೋ ನನ್ನವ್ವ, ಗಂಡನ ಕೈಲೇ ತೆಗಸ್ಕೋ" ಅಂದಳು. ಅಣ್ಣ ಮಷೀನು ಹಿಡಿದು ಹಿತ್ತಲಲ್ಲಿ ಕೂರಿಸಿ ತೆಗೆದ. ಆಮೇಲೆ ಅದೇ ಮಷೀನಿನಿಂದ ತನ್ನದನ್ನೂ ತೆಗೆದುಕೊಂಡ. ಓಣಿಯವರು ಕೇಳಿದರೆ "ತಿರುಪತಿಗೆ ಹೋಗಿದ್ವಿ" ಅನ್ನುವ ಉತ್ತರ ಗಂಡ ಹೆಂಡತಿ ಇಬ್ಬರಿಗೂ ಸಿದ್ಧ. ಹೆಂಗಸಿನ ಬೋಳುತಲೆಗೆ ಇಂಥ ಗೌರವದ ಅರ್ಥ ನಾನಿರುವ ಯಾರ್ಕ್‌ಶೈರಿನಲ್ಲಿ ಇಲ್ಲ. ಇಲ್ಲಿ ಬೋಳುತಲೆ ಕಂಡರೆ ಜನ ಸಭ್ಯತೆಯಿಂದ ಕಣ್ಣು ಬೇರೆಡೆ ತಿರುಗಿಸುತ್ತಾರೆ. ಅದು ಒಳ್ಳೆಯತನವೇ. ಆದರೆ ಆರು ತಿಂಗಳು ನನ್ನ ತಲೆಯನ್ನು ಯಾರೂ ಮುಟ್ಟಲಿಲ್ಲ. ವೈನಿಯ ನೆತ್ತಿಗೆ ಅವ್ವ ದಿನಾ ಸಂಜೆ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ಅಂಗೈಯಲ್ಲಿ ಮೆಲ್ಲಗೆ ತಿಕ್ಕುತ್ತಿದ್ದಳು. ವಿಡಿಯೊದಲ್ಲಿ ಅದನ್ನು ನೋಡುತ್ತ ನನಗೆ ಹೊಟ್ಟೆಕಿಚ್ಚಾಗಿದ್ದು ಸುಳ್ಳಲ್ಲ.

ತಲೆ ಮುಚ್ಚುವುದಕ್ಕೂ ನಮ್ಮ ಕಡೆ ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ, ಸೆರಗಿದೆ. ಇಲ್ಲಿ ಸ್ವಯಂಸೇವಕರು ನಮ್ಮನ್ನು ಕೂರಿಸಿಕೊಂಡು ಸ್ಕಾರ್ಫು ಕಟ್ಟುವುದನ್ನು, ಹಳೇ ಟೀ ಶರ್ಟನ್ನು ಕಂಕುಳ ಕೆಳಗೆ ಅಡ್ಡಲಾಗಿ ಕತ್ತರಿಸಿ ಆ ಕೊಳವೆಯನ್ನು ಪೇಟದಂತೆ ಸುತ್ತುವುದನ್ನು ಕಲಿಸುತ್ತಾರೆ. ನಮ್ಮ ಕಡೆ ತಲೆ ಮೇಲೆ ಸೆರಗು ಹೊದ್ದ ಹೆಂಗಸನ್ನು ಯಾರೂ ತಿರುಗಿ ನೋಡುವುದಿಲ್ಲ. ಒಂದೇ ತೊಡಕು. ಇಳಕಲ್ ಸೀರೆಯ ಟೋಪಿ ತೆನಿ ಸೆರಗು ರೇಷ್ಮೆಯಂತೆ ನುಣುಪು, ಬೋಳು ತಲೆ ಮೇಲೆ ಒಂದು ನಿಮಿಷ ನಿಲ್ಲದು. ಅವ್ವ ಅಪ್ಪನ ಹಳೇ ಧೋತರ ಹರಿದು, ಕೂಸಿಗೆ ಹೊಲಿಯುವ ಕುಲಾವಿಯ ಹಾಗೆಯೇ ದೊಡ್ಡದೊಂದು ಹೊಲಿದಳು, ಹೊಲಿಗೆಯ ಅಂಚು ನೆತ್ತಿಗೆ ಚುಚ್ಚದಿರಲಿ ಎಂದು ಹೊರಗೆ ಬಿಟ್ಟು. ಅದರ ಮೇಲೆ ಸೆರಗು ಜಾರದೆ ನಿಂತಿತು. ಏಪ್ರಿಲ್ ಬಿಸಿಲಲ್ಲಿ ಬೆವರು ಹೀರಿತು, ತೊಳೆದರೆ ಅರ್ಧ ಗಂಟೆಯಲ್ಲಿ ಒಣಗಿತು. ನನಗೆ ಅಂಗಡಿಯವಳು ಮಾರಿದ ಬಿದಿರು ನೂಲಿನ ಟೋಪಿಗಿಂತ ಅದೇ ಮೇಲು.

ಹಾಗಾದರೆ ವಿಗ್ ಯಾಕೆ ಬೇಕು? ವೈನಿ ಶಾಲೆಯಲ್ಲಿ ಕೆಲಸ ಮಾಡುವವಳು. ತರಗತಿಯ ಮುಂದೆ ದಿನವಿಡೀ ಸೆರಗು ಹೊದ್ದು ನಿಲ್ಲುವ ಮನಸ್ಸಿರಲಿಲ್ಲ. ಮಗಳ ನಿಶ್ಚಿತಾರ್ಥವೂ ಬಂದಿತ್ತು. ಬೀಗರ ಎದುರು ರೋಗದ ಮಾತು ಅಂದೇ ಬೇಡ ಅನ್ನುವುದು ಅವಳ ಆಸೆ. ಅದನ್ನು ಅಂಜಿಕೆ ಅನ್ನಲಾರೆ. ತನ್ನ ರೋಗವನ್ನು ಯಾರಿಗೆ ಯಾವಾಗ ಹೇಳಬೇಕೆಂಬುದು ಅವಳ ಹಕ್ಕು. ವಿಗ್ ಆ ಹಕ್ಕನ್ನು ಕಾಯುತ್ತದೆ. ಸೆರಗು, ತಿರುಪತಿಯ ಉತ್ತರ ಎರಡೂ ಒಂದು ಹಂತದ ತನಕ ಮಾತ್ರ ಕಾಯುತ್ತವೆ. ಹುಬ್ಬಿಲ್ಲದ ಮುಖಕ್ಕೆ ತಿಮ್ಮಪ್ಪನ ಹೆಸರು ಹೇಳಲಾಗದು.

ವಿಗ್ ಎಲ್ಲಿ ಸಿಗುತ್ತದೆ ಎಂದು ಅಣ್ಣ ಆಸ್ಪತ್ರೆಯಲ್ಲಿ ಕೇಳಿದರೆ, ನಾಟಕದ ಸಾಮಾನು ಬಾಡಿಗೆ ಕೊಡುವ ಅಂಗಡಿಯ ದಾರಿ ತೋರಿಸಿದರಂತೆ. ಅಲ್ಲಿಂದ ಬರಿಗೈಯಲ್ಲಿ ಬಂದು ಅಣ್ಣ ಫೋನಿನಲ್ಲಿ ಮಾತೇ ಆಡಲಿಲ್ಲ. ನನ್ನ ಸಿಟ್ಟು ಇನ್ನೂ ಆರದಿರುವುದು ಇಲ್ಲಿ. ಯಾಕೆಂದರೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಗದಗ ದಾಟಿದರೆ ಕೊಪ್ಪಳ. ಕೊಪ್ಪಳಕ್ಕೆ ಅಂಟಿಕೊಂಡೇ ಭಾಗ್ಯನಗರ. ಕೂದಲಿನ ವ್ಯಾಪಾರಕ್ಕೆ ಹೆಸರಾದ ಊರು. ಸಿಕ್ಕು ಬಿಡಿಸಿ, ತೊಳೆದು, ಇಂಚಿನ ಲೆಕ್ಕದಲ್ಲಿ ಉದ್ದ ಬೇರೆ ಮಾಡಿ ಕಟ್ಟು ಕಟ್ಟುವುದು ಅಲ್ಲಿಯ ಎಷ್ಟೋ ಹೆಂಗಸರ ದಿನಗೂಲಿ. ನಾವು ಚಿಕ್ಕವರಿದ್ದಾಗ "ಕೂದ್ಲಾ... ಕೂದ್ಲಾ..." ಅಂತ ಕೂಗುತ್ತ ಬರುವವನಿಗೆ ಅಜ್ಜಿ ಬಾಚಣಿಕೆಯಿಂದ ಬಿಡಿಸಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ಕೂದಲ ಉಂಡೆ ಕೊಟ್ಟು ಪಿನ್ನೋ ಬಲೂನೋ ತಗೊಳ್ಳುತ್ತಿದ್ದಳು. ಅಂಥ ಉಂಡೆಗಳೂ ಹೀಗೇ ಕಟ್ಟಾಗಿ ಹೊರದೇಶದ ದಾರಿ ಹಿಡಿಯುತ್ತಿದ್ದವು. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಇಳಿದ ಮುಡಿಯನ್ನು ದೇವಸ್ಥಾನದವರು ಉದ್ದದ ಮೇಲೆ ದರ್ಜೆ ಮಾಡಿ ಹರಾಜು ಹಾಕುತ್ತಾರೆ. ಬುಡ-ತುದಿ ಕೆಡದೆ ಒಂದೇ ದಿಕ್ಕಿಗಿರುವ ಆ ಕೂದಲಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಮೇಲಿನ ಬೆಲೆ. ಲೀಡ್ಸ್‌ನ ಆ ಹಿಂದಿನ ಕೋಣೆಯಲ್ಲಿ, ನನ್ನ ಕೈಗೆಟುಕದ ಬೆಲೆಯ ಡಬ್ಬಿಗಳ ಮೇಲೆ "ಭಾರತದ ಕೂದಲು" ಅಂತ ಹೆಮ್ಮೆಯಿಂದ ಅಚ್ಚು ಹಾಕಿದ್ದರು, ಒಳಗೆ ಹೊಂಬಣ್ಣ ಬಳಿದ ಕೂದಲು.

ನಮ್ಮ ದೇವರಿಗೆ ಕೊಟ್ಟ ಮುಡಿ, ನಮ್ಮ ಜಿಲ್ಲೆಗಳ ಹೆಂಗಸರು ಬಿಡಿಸಿದ ಸಿಕ್ಕು. ಪಕ್ಕದ ಜಿಲ್ಲೆಯ ಕೀಮೋ ವಾರ್ಡಿಗೆ ಮಾತ್ರ ಒಂದು ವಿಗ್ ಇಲ್ಲ. ಬಡತನ ಇದಕ್ಕೆ ಕಾರಣ ಅಂದರೆ ಒಪ್ಪಲಾರೆ. ಕೇರಳದ ತ್ರಿಶೂರಿನ ಅಮಲ ಆಸ್ಪತ್ರೆ ದಾನದ ಕೂದಲಿನಿಂದ ವಿಗ್ ಮಾಡಿಸಿ ರೋಗಿಗಳಿಗೆ ಪುಕ್ಕಟೆ ಕೊಡುತ್ತ ಬಂದಿದೆ. ಬೆಂಗಳೂರಿನ ಹುಡುಗಿಯರು ಹನ್ನೆರಡು ಇಂಚು ಕತ್ತರಿಸಿ ದಾನ ಮಾಡಿ ಫೋಟೊ ಹಾಕುವುದನ್ನು ನೋಡುತ್ತೇನೆ, ನನಗೆ ಸಂತೋಷವೇ. ಆದರೆ ಒಂದು ವಿಗ್ಗಿಗೆ ನಾಲ್ಕಾರು ಜನರ ಕೂದಲು ಬೇಕು, ಅದನ್ನು ಒಂದೊಂದೇ ಎಳೆ ಜಾಲರಿಗೆ ಗಂಟು ಹಾಕುವ ಕೈ ಬೇಕು, ಆಮೇಲೆ ಅದು ಹಾವೇರಿ, ಗದಗ, ರಾಯಚೂರಿನ ಹೆಂಗಸಿನ ತಲೆಗೆ ಮುಟ್ಟುವ ದಾರಿ ಬೇಕು. ಕೂದಲಿಗೆ ನಮ್ಮಲ್ಲಿ ಬರ ಇಲ್ಲ. ಆ ದಾರಿ ಇಲ್ಲ.

ಸರ್ಕಾರ ಚಿಕಿತ್ಸೆಯ ಪಟ್ಟಿಯಲ್ಲಿ ವಿಗ್ಗನ್ನು ಸೇರಿಸಲಿ ಅನ್ನುವುದು ನನ್ನ ದೊಡ್ಡ ಆಸೆ. ಅದು ಆಗುವ ತನಕ ಕಾಯದೆ ನಾಳೆಯಿಂದಲೇ ಮಾಡಬಹುದಾದದ್ದೂ ಇದೆ. ಮೊದಲ ಕೀಮೋಗೆ ಮುಂಚೆ ಯಾರಾದರೂ ಒಬ್ಬ ನರ್ಸ್, ಕುರ್ಚಿ ಹತ್ತಿರ ಎಳೆದುಕೊಂಡು, ಕನ್ನಡದಲ್ಲಿ, ಹತ್ತು ನಿಮಿಷ ಕೂದಲಿನ ಬಗ್ಗೆ ಮಾತಾಡಲಿ. ಯಾವಾಗ ಉದುರುತ್ತದೆ, ಯಾಕೆ ಉದುರುತ್ತದೆ, ಯಾವಾಗ ಬರುತ್ತದೆ. ಮುಂಚೆಯೇ ಗಿಡ್ಡ ಮಾಡಿಸಿದರೆ ನೋವು ಕಡಿಮೆ ಎಂದು. ಹತ್ತಿಯ ಕುಲಾವಿ ಹೊಲಿಸಿಕೊಳ್ಳಿ ಎಂದು. ರೋಗಿಯ ಗಂಡನನ್ನೂ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಹೇಳಲಿ, ಯಾಕೆಂದರೆ ನಮ್ಮಲ್ಲಿ ತಲೆ ಬೋಳಿಸುವ ತೀರ್ಮಾನ ಒಬ್ಬಳದೇ ಆಗಿರುವುದಿಲ್ಲ.

ಕೊನೆಗೆ ವೈನಿಗೆ ವಿಗ್ ಸಿಕ್ಕಿದ್ದು ಬೆಂಗಳೂರಿನಿಂದ. ಕೃತಕ ನೂಲಿನದು ಕೆಲವು ಸಾವಿರಕ್ಕೆ ಸಿಗುತ್ತಿತ್ತು. ಅಣ್ಣ ಹಟ ಹಿಡಿದು ನಿಜವಾದ ಕೂದಲಿನದನ್ನೇ ತಂದ, ಅವಳಿಗೆ ಹೇಳದೆ ಸಾಲ ಮಾಡಿ. ಆ ಬೈತಲೆಯ ಬಣ್ಣ ನಮ್ಮದೇ ಬಣ್ಣ ಆಗಿತ್ತು. ಡಬ್ಬಿ ತೆರೆದ ಕೂಡಲೆ ನಾನು ವಿಡಿಯೊದಲ್ಲಿ ನೋಡಿದ್ದು ಅದನ್ನೇ. ನಿಶ್ಚಿತಾರ್ಥದ ಬೆಳಿಗ್ಗೆ ಅವ್ವ ಅದನ್ನು ಹೆರಳು ಹಾಕಿದಳು. ಮಲ್ಲಿಗಿ ದಂಡಿ ಹಿಡಿದು, ಪಿನ್ನು ಚುಚ್ಚಿದರೆ ಜಾಲರಿ ಹರಿದೀತು ಎಂದು ಅಂಜಿ, ಹೆರಳ ಬುಡಕ್ಕೆ ಕರೀ ದಾರದಿಂದ ಕಟ್ಟಿದಳು. ವೈನಿ ತಲೆ ಆಚೀಚೆ ಅಲ್ಲಾಡಿಸಿ ಗಟ್ಟಿ ಇದೆಯಾ ಎಂದು ನೋಡಿದಳು. ಹೂವಿನ ಭಾರ ಕುತ್ತಿಗೆಗೆ ಗೊತ್ತಾಗುತ್ತದೆ ನೋಡಿ, ಅದು ಗೊತ್ತಾದ ಮುಖ.

ಈಗ ಅವಳದೇ ಕೂದಲು ಎರಡು ಇಂಚು ಬಂದಿದೆ, ಮೊದಲು ಎಂದೂ ಇಲ್ಲದ ಗುಂಗುರು. ಹೋದ ತಿಂಗಳು ತಪಾಸಣೆಗೆ ಹೋದಾಗ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಲಕ್ಷ್ಮೇಶ್ವರದ ಕಡೆಯ ಹೆಂಗಸೊಬ್ಬಳು ಸೆರಗಿನ ಒಳಗೆ ಕೈ ಹಾಕಿ ಮತ್ತೆ ಮತ್ತೆ ತಲೆ ಮುಟ್ಟಿಕೊಳ್ಳುತ್ತಿದ್ದಳಂತೆ. ಮುಂದಿನ ಸಲ ವೈನಿ ವಿಗ್ಗನ್ನು ಶಾಂಪೂ ಹಾಕಿ ತೊಳೆದು, ಒಣಗಿಸಿ, ಡಬ್ಬಿಯಲ್ಲಿಟ್ಟು ಒಯ್ದಳು. ಜೊತೆಗೆ ಅವ್ವ ಹೊಸದಾಗಿ ಹೊಲಿದ ಎರಡು ಕುಲಾವಿ, ಒಂದು ಉಂಡೆ ಕರೀ ದಾರ.